ಸೋಲಿನ ಲೆಕ್ಕ, ಕಲಿಕೆಯ ಲೆಕ್ಕ

ಬೆಳಗಿನ ಹೊತ್ತು ಕಡೂರಿನ ಕಡೆಗೆ ಬರುವ ರೈಲುಗಾಡಿಗಳಲ್ಲಿ ವಿದ್ಯಾರ್ಥಿಗಳದೇ ಒಂದು ಲೋಕ. ತರೀಕೆರೆಯವರು ಶಿವಮೊಗ್ಗದ ಹಳಿಯ ಮೇಲೆ ಬರುತ್ತಾರೆ. ಅಜ್ಜಂಪುರದವರು ಹುಬ್ಬಳ್ಳಿಯ ಹಳಿಯ ಮೇಲೆ ಬರುತ್ತಾರೆ. ಎರಡು ಹಳಿಗಳೂ ಬೀರೂರಿನಲ್ಲಿ ಕೂಡುತ್ತವೆ. ಅಲ್ಲಿಂದ ಕಡೂರಿಗೆ ಕೆಲವೇ ನಿಮಿಷಗಳ ಹಾದಿ. ಕಳೆದ ಮಳೆಗಾಲದ ಒಂದು ದಿನ ನಾವು ಬೀರೂರಿನಲ್ಲಿ ಗಾಡಿ ಹತ್ತಿದಾಗ, ಅಜ್ಜಂಪುರದ ಕಡೆಯಿಂದ ಬರುವ ನಮ್ಮ ಬಿ.ಎಸ್‌ಸಿ. ತರಗತಿಯ ಹುಡುಗನೊಬ್ಬ ಕಿಟಕಿಯ ಬಳಿ ಕುಳಿತು, ತೊಡೆಯ ಮೇಲೆ ನೋಟುಬುಕ್ಕನ್ನಿಟ್ಟುಕೊಂಡು ಏನನ್ನೋ ಬರೆಯುತ್ತಿದ್ದ. ಪುಟದ ತುಂಬ ಗೀಟು ಹಾಕಿದ ಮನೆಗಳು, ಮನೆಮನೆಯಲ್ಲಿಯೂ ಅಂಕಿಗಳು. ಪ್ರಯೋಗದ ವಾಚನಗಳನ್ನು ಇಷ್ಟು ಶ್ರದ್ಧೆಯಿಂದ ಬರೆದಿಡುವ ಹುಡುಗನೂ ನಮ್ಮಲ್ಲಿ ಇದ್ದಾನಲ್ಲ ಎಂದು ಸಂತೋಷಪಟ್ಟು ಬಾಗಿ ನೋಡಿದೆವು. ಮೊದಲ ಸಾಲಿನಲ್ಲಿ ಹೀಗಿತ್ತು: “ಕೂಗು, ಆಮೇಲೆ ನೇರ ನುಗ್ಗು: 9ರಲ್ಲಿ 4 ಸಲ ತಪ್ಪಿಸಿಕೊಂಡೆ.”

ಅದು ಭೌತಶಾಸ್ತ್ರದ ಪುಸ್ತಕವಾಗಿರಲಿಲ್ಲ. ಗಣಕಯಂತ್ರದಲ್ಲಿ ಆಡುವ ವಿಡಿಯೋ ಆಟವೊಂದರ ದಿನಚರಿಯಾಗಿತ್ತು. ಆಟದ ಹೆಸರು ‘ಹಾಲೋ ನೈಟ್’. ಆಸ್ಟ್ರೇಲಿಯದ ಅಡಿಲೇಡ್ ನಗರದ ‘ಟೀಮ್ ಚೆರ್ರಿ’ ಎಂಬ ಚಿಕ್ಕ ತಂಡ 2017ರಲ್ಲಿ ಹೊರತಂದ ಆಟವದು. ಅದರಲ್ಲಿ ಉದ್ದನೆಯ ಸೂಜಿಯನ್ನೇ ಆಯುಧವಾಗಿ ಹಿಡಿದು ಬರುವ ‘ಹಾರ್ನೆಟ್’ ಎಂಬ ವೈರಿಯ ಕೈಯಲ್ಲಿ ನಮ್ಮ ಹುಡುಗ ಅಂದಿಗೆ ನಲವತ್ತಮೂರು ಬಾರಿ ಸತ್ತಿದ್ದ.

ನಮಗೆ ನಗು ಬರಲಿಲ್ಲ. ಏಕೆಂದರೆ ಇದೇ ಹುಡುಗ ಹಿಂದಿನ ವಾರ ನಮ್ಮ ಪ್ರಯೋಗಶಾಲೆಯಲ್ಲಿ ಸ್ಪೆಕ್ಟ್ರೋಮೀಟರಿನ ಮುಂದೆ ಎರಡು ಸಲ ತಪ್ಪಿ, ಮೂರನೆಯ ಸಲ ಪ್ರಯತ್ನಿಸದೆ, ಪಕ್ಕದವನ ಅಂಕಿಗಳನ್ನು ನಕಲು ಮಾಡಿ ಸಿಕ್ಕಿಬಿದ್ದಿದ್ದ. ನಲವತ್ತಮೂರು ಸಾವುಗಳನ್ನು ಸಹಿಸಿದವನಿಗೆ ಮೂರನೆಯ ವಾಚನಕ್ಕೆ ಬೇಕಾದ ತಾಳ್ಮೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಬೆನ್ನಟ್ಟಿದಾಗ ನಮಗೆ ತಿಳಿದುಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಸ್ ಎಂಬ ವೈರಿ

ಆಟದ ಒಂದು ಘಟ್ಟದ ಕೊನೆಯಲ್ಲಿ ದಾರಿಗಡ್ಡವಾಗಿ ನಿಲ್ಲುವ ಬಲಿಷ್ಠ ವೈರಿಗೆ ‘ಬಾಸ್’ ಎಂದು ಹೆಸರು. ಅವನನ್ನು ಗೆದ್ದಲ್ಲದೆ ಮುಂದಿನ ಬಾಗಿಲು ತೆರೆಯದು. ಈ ಕಲ್ಪನೆ ಗಣಕದ ಆಟಗಳಿಗೆ ಬಂದು ಅರ್ಧ ಶತಮಾನವಾಯಿತು. 1975ರಲ್ಲಿ ಅಮೆರಿಕದ ‘ಪ್ಲೇಟೋ’ ಎಂಬ ಗಣಕವ್ಯವಸ್ಥೆಯ ಮೇಲೆ ವಿದ್ಯಾರ್ಥಿಗಳು ರಚಿಸಿದ ‘ಡಿಎನ್‌ಡಿ’ ಎಂಬ ಆಟದ ಕೊನೆಯಲ್ಲಿ ನಿಧಿಯನ್ನು ಕಾಯುವ ಚಿನ್ನದ ಡ್ರ್ಯಾಗನ್ ಒಂದಿತ್ತು. ಇಂದಿನ ಬಾಸುಗಳೆಲ್ಲ ಅದರ ಸಂತತಿಯೆನ್ನಬಹುದು.

ಸಂತತಿ ಎಷ್ಟು ಉಗ್ರವಾಗಿ ಬೆಳೆದಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. ಜಪಾನಿನ ‘ಫ್ರಮ್‌ಸಾಫ್ಟ್‌ವೇರ್’ ಸಂಸ್ಥೆ 2022ರಲ್ಲಿ ಹೊರತಂದ ‘ಎಲ್ಡನ್ ರಿಂಗ್’ ಎಂಬ ಆಟದಲ್ಲಿ ‘ಮಲೇನಿಯ’ ಎಂಬ ಬಾಸ್ ಇದ್ದಾಳೆ. ಆಟಕ್ಕೆ ಒಂದು ವರ್ಷ ತುಂಬಿದಾಗ ಪ್ರಕಾಶಕರು ಪ್ರಕಟಿಸಿದ ಲೆಕ್ಕದಂತೆ, ಜಗತ್ತಿನ ಆಟಗಾರರು ಅವಳನ್ನು ಎದುರಿಸಿದ ಸಲಗಳ ಸಂಖ್ಯೆ ಸುಮಾರು 32.9 ಕೋಟಿ! ಸೋಲುತ್ತೇವೆಂದು ತಿಳಿದೂ ತಿಳಿದೂ ಇಷ್ಟು ಸಲ ಎದ್ದುಹೋಗುವ ಮನುಷ್ಯನಿಗೆ ತಾಳ್ಮೆಯೇ ಇಲ್ಲವೆಂದು ಹೇಳುವವರು ಯಾರು?

ಕೈ ಚುರುಕೋ, ಕಣ್ಣು ಚುರುಕೋ?

ಬಾಸನ್ನು ಗೆಲ್ಲಲು ಕೈ ಚುರುಕಾಗಿರಬೇಕು ಎಂಬುದು ಸಾಮಾನ್ಯವಾದ ನಂಬಿಕೆ. ಇದು ಎಷ್ಟು ನಿಜವೆಂಬುದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. 30 ಸೆಂಟಿಮೀಟರಿನ ಒಂದು ಅಳತೆಪಟ್ಟಿಯನ್ನು ಗೆಳೆಯನ ಕೈಯಲ್ಲಿ ಕೊಟ್ಟು ನೇರವಾಗಿ ತೂಗಿಸಿ ಹಿಡಿಯಲು ಹೇಳಿರಿ. ಪಟ್ಟಿಯ ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು ತೋರುಬೆರಳುಗಳನ್ನು ತುಸು ಅಗಲಿಸಿ, ಪಟ್ಟಿಗೆ ತಾಗದಂತೆ ಇಟ್ಟುಕೊಳ್ಳಿರಿ. ಗೆಳೆಯ ಮುನ್ಸೂಚನೆ ಕೊಡದೆ ಅದನ್ನು ಬಿಡಲಿ. ಬಿಟ್ಟದ್ದು ಕಂಡೊಡನೆ ಹಿಡಿಯಿರಿ. ಬೀಳುವ ವಸ್ತುವಿನ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುವುದನ್ನು ನೀವು ಓದಿದ್ದೀರಿ. ಗುರುತ್ವ ವೇಗೋತ್ಕರ್ಷವನ್ನು 9.8 ಎಂದಿಟ್ಟುಕೊಂಡರೆ, 15 ಸೆಂಟಿಮೀಟರಿನಲ್ಲಿ ಹಿಡಿದವನ ಪ್ರತಿಕ್ರಿಯಾಕಾಲ 0.175 ಸೆಕೆಂಡು, 20ರಲ್ಲಿ ಹಿಡಿದವನದು 0.20, 25ರಲ್ಲಿ ಹಿಡಿದವನದು ಸುಮಾರು 0.23.

ಇಲ್ಲಿ ಒಂದು ವಿಶೇಷವುಂಟು. ಅತ್ಯಂತ ಚುರುಕಿನವನಿಗೂ ಸಾಧಾರಣನಿಗೂ ಇರುವ ವ್ಯತ್ಯಾಸ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೂ ಕಣ್ಣಿನಿಂದ ಕೈಗೆ ಸುದ್ದಿ ಮುಟ್ಟುವ ಈ ಕಾಲ 0.15 ಸೆಕೆಂಡಿಗಿಂತ ಕೆಳಗೆ ಇಳಿಯುವುದು ಬಲು ಕಷ್ಟ. ನರಗಳ ವೇಗಕ್ಕೆ ಒಂದು ಮಿತಿ ಇದೆ. ಹಾಗಾದರೆ ನಲವತ್ತಮೂರು ಸಾವುಗಳಲ್ಲಿ ನಮ್ಮ ಹುಡುಗ ಕಲಿತದ್ದೇನು?

ಅವನು ಕಲಿತದ್ದು ಬೇಗ ಕೈಯಾಡಿಸುವುದನ್ನಲ್ಲ, ಮುಂಚಿತವಾಗಿ ತಿಳಿಯುವುದನ್ನು. ಬಯಲಾಟದಲ್ಲಿ ರಕ್ಕಸವೇಷ ರಂಗಕ್ಕೆ ಬರುವ ಮೊದಲೇ ಅಬ್ಬರದ ಕೂಗು ಕೇಳಿಸುವುದಿಲ್ಲವೆ? ಹಾರ್ನೆಟ್ ಕೂಡ ಪೆಟ್ಟು ಹಾಕುವ ಮುನ್ನ ಒಂದು ಕೂಗು ಹಾಕುತ್ತಾಳೆ. ಒಂದು ಭಂಗಿಯಲ್ಲಿ ಕ್ಷಣಕಾಲ ನಿಲ್ಲುತ್ತಾಳೆ. ನೆಲದ ಮೇಲೆ ನುಗ್ಗುವಾಗ ಒಂದು ಭಂಗಿ, ಗಾಳಿಯಿಂದ ಎರಗುವಾಗ ಇನ್ನೊಂದು, ಸೂಜಿಯನ್ನು ಎಸೆಯುವಾಗ ಮತ್ತೊಂದು. ಹೊಸಬನಿಗೆ ಇವೆಲ್ಲ ಒಂದೇ ಗದ್ದಲ. ಪೆಟ್ಟು ಹೊರಟ ಮೇಲೆ ಅವನು ಕದಲುತ್ತಾನೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಬಲ್ಲವನು ಭಂಗಿಯನ್ನು ಕಂಡೊಡನೆಯೇ ಕದಲುತ್ತಾನೆ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರನ ಕೈಯಿಂದ ಬ್ಯಾಟಿಗೆ ಮುಟ್ಟಲು ಹಿಡಿಯುವ ಕಾಲ ಸುಮಾರು ಅರ್ಧ ಸೆಕೆಂಡು. ಅದರಲ್ಲಿ ಪ್ರತಿಕ್ರಿಯೆಗೇ ಒಂದು ಪಾಲು ಹೋದರೆ ಬ್ಯಾಟು ಬೀಸಲು ಉಳಿಯುವುದೆಷ್ಟು? ಆದಕಾರಣ ನುರಿತ ಬ್ಯಾಟುಗಾರನು ಚೆಂಡು ಹೊರಡುವ ಮೊದಲೇ ಬೌಲರನ ಮಣಿಕಟ್ಟನ್ನೂ ಓಟವನ್ನೂ ಓದುತ್ತಾನೆ.

ಗೆಲುವು ಏಕೆ ಅಡಗಿರುತ್ತದೆ?

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಹುಡುಗ ಇಷ್ಟೆಲ್ಲ ಕಲಿಯುತ್ತಿದ್ದರೂ ನಲವತ್ತಮೂರು ಸಲವೂ ಸೋತನೇಕೆ? ಇದಕ್ಕೆ ಸಂಭವನೀಯತೆಯ ಗಣಿತ ಬಹಳ ಸೊಗಸಾದ ಉತ್ತರವನ್ನು ಕೊಡುತ್ತದೆ.

ಲೆಕ್ಕಕ್ಕಾಗಿ ಕಾಳಗವನ್ನು ಸರಳಗೊಳಿಸೋಣ. ಬಾಸ್ ಒಟ್ಟು 20 ಪೆಟ್ಟು ಹಾಕುವಷ್ಟು ಹೊತ್ತು ಆಟಗಾರ ಬದುಕಿದ್ದರೆ ಗೆಲುವು ಅವನದು ಎಂದುಕೊಳ್ಳಿರಿ. ಈ ಆಟದ ಆರಂಭದಲ್ಲಿ ಆಟಗಾರನಿಗೆ ಐದು ಮುಖವಾಡಗಳಷ್ಟು ಆಯುಸ್ಸು. ಪೆಟ್ಟಿಗೊಂದು ಮುಖವಾಡ ಹೋಗುತ್ತದೆ. ನಾಲ್ಕು ಪೆಟ್ಟಿನವರೆಗೆ ತಾಳಬಹುದು, ಐದನೆಯದಕ್ಕೆ ಸಾವು. ನಡುವೆ ಚೇತರಿಸಿಕೊಳ್ಳುವ ಉಪಾಯವೂ ಆಟದಲ್ಲುಂಟು. ಅದನ್ನು ಸದ್ಯಕ್ಕೆ ಬಿಡೋಣ.

ಆಟಗಾರನು ಪೆಟ್ಟುಗಳಲ್ಲಿ ಅರ್ಧದಷ್ಟನ್ನು, ಎಂದರೆ ನೂರಕ್ಕೆ 50ನ್ನು, ತಪ್ಪಿಸಿಕೊಳ್ಳಬಲ್ಲವನಾದರೆ ಅವನು ಗೆಲ್ಲುವ ಸಂಭವ ನೂರಕ್ಕೆ 0.6 ಮಾತ್ರ, ಸುಮಾರು 170 ಕಾಳಗಗಳಿಗೆ ಒಂದು ಗೆಲುವು. ಅವನು ಕಲಿತು ನೂರಕ್ಕೆ 60ನ್ನು ತಪ್ಪಿಸಿಕೊಳ್ಳುವಂತಾದನೆನ್ನಿ. ಗೆಲುವಿನ ಸಂಭವ ನೂರಕ್ಕೆ 5ಕ್ಕೆ ಏರುತ್ತದೆ. ಎಂಟು ಪಟ್ಟು ಹೆಚ್ಚಾಯಿತು, ನಿಜ. ಆದರೂ ಇಪ್ಪತ್ತು ಕಾಳಗಗಳಲ್ಲಿ ಹತ್ತೊಂಬತ್ತು ಸೋಲೇ! 70ಕ್ಕೆ ಏರಿದರೆ ಗೆಲುವಿನ ಸಂಭವ 24. 80ಕ್ಕೆ ಏರಿದರೆ 63. 90ಕ್ಕೆ ಏರಿದರೆ 96.

ವಾಚಕರು ಈ ಅಂಕಿಗಳನ್ನು ಒಂದು ಗ್ರಾಫ್ ಹಾಳೆಯ ಮೇಲೆ ಗುರುತಿಸಲಿ. ಕಲಿಕೆಯ ಮೆಟ್ಟಿಲುಗಳು ಒಂದೇ ಎತ್ತರದವು. ಪ್ರತಿ ಮೆಟ್ಟಿಲೂ ಹತ್ತರಷ್ಟೇ. ಆದರೆ ಗೆಲುವಿನ ರೇಖೆ ಮೊದಲು ನೆಲಕ್ಕಂಟಿ ತೆವಳುತ್ತದೆ. ಆಮೇಲೆ ಒಮ್ಮೆಗೇ ಗುಡ್ಡವೇರುತ್ತದೆ. ತೆವಳುವ ಭಾಗದಲ್ಲಿರುವವನಿಗೆ ತಾನು ಕಲಿಯುತ್ತಿರುವುದೇ ಕಾಣದು. “ಇಷ್ಟು ಸಲ ಸೋತೆ, ಏನೂ ಪ್ರಯೋಜನವಾಗಲಿಲ್ಲ” ಎಂದು ಕೈಬಿಡುವವರಲ್ಲಿ ಅನೇಕರು ಗುಡ್ಡದ ಬುಡಕ್ಕೆ ಬಂದು ನಿಂತವರು.

ಒಂದೊಂದು ಫಲಿತಾಂಶ ನೈಪುಣ್ಯದ ವಿಷಯದಲ್ಲಿ ಎಷ್ಟು ಕಡಿಮೆ ಹೇಳುತ್ತದೆಯೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಹೆಸರಾಂತ ಸಾಕ್ಷಿಯುಂಟು. ತರೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುವ ಹಳಿಯ ಮೇಲಿನ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದರು. ಮೊದಲ ಇನ್ನಿಂಗ್ಸಿನಲ್ಲಿ ಅವರು ಗಳಿಸಿದ್ದು ಸೊನ್ನೆ. ಎರಡನೆಯದರಲ್ಲಿ 137. ಅದೇ ಆಟಗಾರ, ಅದೇ ಎದುರಾಳಿಗಳು, ಅದೇ ಪಂದ್ಯ. ಎರಡು ಇನ್ನಿಂಗ್ಸುಗಳ ನಡುವಣ ಕೆಲವು ದಿನಗಳಲ್ಲಿ ಅವರ ಕೈಚಳಕ ಹೊಸದಾಗಿ ಹುಟ್ಟಿಕೊಂಡಿತೆ? ಇಲ್ಲ, ಸೊನ್ನೆಯ ದಿನವೂ ಅದು ಅವರಲ್ಲಿಯೇ ಇತ್ತು. ಸೊನ್ನೆಯನ್ನಷ್ಟೇ ನೋಡಿ ತೀರ್ಪು ಕೊಟ್ಟವನು ಮೋಸಹೋಗುತ್ತಿದ್ದ.

ನಮ್ಮ ಹುಡುಗ ತಿಳಿದೋ ತಿಳಿಯದೆಯೋ ಮಾಡಿದ ಜಾಣತನ ಇಲ್ಲಿಯೇ ಇದೆ. ಅವನು ಗೆಲುವು ಸೋಲುಗಳನ್ನು ಎಣಿಸಲಿಲ್ಲ. ತಪ್ಪಿಸಿಕೊಂಡ ಪೆಟ್ಟುಗಳನ್ನು ಎಣಿಸಿದ. 9ರಲ್ಲಿ 4 ಇದ್ದದ್ದು ಕೊನೆಯ ಪುಟದ ಹೊತ್ತಿಗೆ 20ರಲ್ಲಿ 14 ಆಗಿತ್ತು. ಸೋಲಿನ ಪಟ್ಟಿಯಲ್ಲಿ ಕಾಣದ ಏರಿಕೆ ಅವನ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ತಾಳ್ಮೆಯೆಂದರೆ ಹಲ್ಲುಕಚ್ಚಿ ಸಹಿಸುವುದೆಂದು ನಾವು ತಿಳಿದಿದ್ದೆವು. ಸರಿಯಾದ ಪರಿಮಾಣವನ್ನು ಅಳೆಯುವವನಿಗೆ ಅಷ್ಟು ಹಲ್ಲುಕಚ್ಚುವ ಅಗತ್ಯವಿಲ್ಲ.

ಸಮತಟ್ಟಾದ ದಾರಿ

ಆದರೆ ಅಳೆಯುತ್ತಿದ್ದರೂ ಕೆಲವು ದಿನ ಅಂಕಿ ಏರದೆ ನಿಂತುಬಿಡುವುದುಂಟು. ಇದನ್ನು ಮೊದಲು ಅಳೆದು ತೋರಿಸಿದವರು ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದ ಬ್ರಯನ್ ಮತ್ತು ಹಾರ್ಟರ್. 1897ರಲ್ಲಿಯೂ 1899ರಲ್ಲಿಯೂ ಪ್ರಕಟವಾದ ಅವರ ಅಧ್ಯಯನ ತಂತಿ ಕಲಿಯುವವರನ್ನು ಕುರಿತದ್ದು. ಕಟ್‌ಕಟ್ ಸದ್ದಿನ ಚುಕ್ಕೆಗೆರೆಗಳನ್ನು ಕೇಳಿ ಅಕ್ಷರಗಳಾಗಿ ತಿಳಿಯುವ ವಿದ್ಯೆಯದು. ನಮ್ಮ ದೇಶದ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಇಂದಿನ ವಿದ್ಯಾರ್ಥಿಗಳು ಆ ಸದ್ದನ್ನು ಕೇಳಿರಲಾರರು.

ತಂತಿ ಕಲಿಯುವವನ ವೇಗ ಮೊದಲು ಏರಿ, ಆಮೇಲೆ ವಾರಗಟ್ಟಲೆ ಸಮತಟ್ಟಾಗಿ ನಿಂತು, ಮತ್ತೆ ಏರುವುದನ್ನು ಅವರು ಕಂಡರು. ಅದಕ್ಕೆ ಅವರು ಕೊಟ್ಟ ವಿವರಣೆ ಹೀಗಿದೆ: ಆರಂಭದಲ್ಲಿ ಕಲಿಯುವವನು ಅಕ್ಷರ ಅಕ್ಷರವನ್ನೇ ಕೇಳುತ್ತಾನೆ. ಅಕ್ಷರಗಳು ಯೋಚನೆಯಿಲ್ಲದೆ ತಿಳಿಯುವಷ್ಟು ರೂಢಿಯಾಗುವವರೆಗೂ ವೇಗ ನಿಲ್ಲುತ್ತದೆ. ರೂಢಿಯಾದ ಮೇಲೆ ಅವನು ಇಡೀ ಪದಗಳನ್ನೇ ಕೇಳತೊಡಗುತ್ತಾನೆ. ವೇಗ ಮತ್ತೆ ಏರುತ್ತದೆ. ಎಲ್ಲ ಕಲಿಕೆಯಲ್ಲಿಯೂ ಎಲ್ಲರಲ್ಲಿಯೂ ಇಂತಹ ಸಮತಟ್ಟು ಬರುವುದಿಲ್ಲವೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಆದರೆ ಚಿಕ್ಕ ಚಿಕ್ಕ ಘಟಕಗಳು ರೂಢಿಯಾಗಿ ದೊಡ್ಡ ಘಟಕಗಳಾಗುವ ಸಂಗತಿ ಸೈಕಲ್ ಸವಾರಿ ಕಲಿತ ಪ್ರತಿಯೊಬ್ಬನ ಅನುಭವವೂ ಹೌದು. ಹಾರ್ನೆಟ್ಟಿನ ಕೂಗು, ಭಂಗಿ, ನುಗ್ಗು ಮೂರೂ ಒಂದೇ ‘ಪದ’ವಾಗುವವರೆಗೆ ಹುಡುಗನೂ ಅಕ್ಷರ ಓದುತ್ತಲೇ ಇರಬೇಕಾಯಿತು.

ಎಂದು ನಿಲ್ಲಿಸಬೇಕು?

ತಾಳ್ಮೆಯಲ್ಲಿ ನಿಲ್ಲಿಸುವುದೂ ಸೇರಿದೆ. “ಇನ್ನೊಂದೇ ಸಲ” ಎಂದು ರಾತ್ರಿ ಒಂದು ಗಂಟೆಯವರೆಗೆ ಕೂರುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಸಿಟ್ಟು ಬಂದವನು ಭಂಗಿಗಾಗಿ ಕಾಯುವುದಿಲ್ಲ, ಮೊದಲೇ ನೆಗೆಯುತ್ತಾನೆ. ಅಂಥ ಹತ್ತು ಕಾಳಗಗಳಲ್ಲಿ ಕಲಿಯುವುದು ಅವಸರವನ್ನೇ ಹೊರತು ಆಟವನ್ನಲ್ಲ.

2002ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಾಕರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಎಡಗೈ ಬೆರಳುಗಳಿಂದ ಕೀಲಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತುವುದನ್ನು ಕೆಲವರಿಗೆ ಕಲಿಸಿ, ಹನ್ನೆರಡು ಗಂಟೆಗಳ ಬಳಿಕ ಪರೀಕ್ಷಿಸಿದರು. ನಡುವೆ ಎಚ್ಚರವಾಗಿಯೇ ಇದ್ದವರಲ್ಲಿ ಗಮನಾರ್ಹವಾದ ಪ್ರಗತಿ ಕಾಣಲಿಲ್ಲ. ರಾತ್ರಿ ನಿದ್ದೆ ಮಾಡಿ ಎದ್ದವರ ವೇಗ ಸುಮಾರು ನೂರಕ್ಕೆ 20ರಷ್ಟು ಏರಿತ್ತು. ನಿದ್ದೆಯ ಈ ಪಾಲು ಎಷ್ಟೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ. ಆದರೆ ರಾತ್ರಿ ಸೋತು ಮಲಗಿದವನು ಬೆಳಿಗ್ಗೆ ಮೊದಲ ಕೈಗೇ ಗೆದ್ದನೆಂಬ ಮಾತನ್ನು ಆಟಗಾರರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡುವ ವಿದ್ಯಾರ್ಥಿಗಳೂ ಇದನ್ನು ಗಮನಿಸಬೇಕು.

ತಾಳ್ಮೆ ಮೌಢ್ಯವಾಗುವುದು ಎಲ್ಲಿ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮೇಲಿನ ಲೆಕ್ಕವೆಲ್ಲ ಒಂದು ಆಧಾರದ ಮೇಲೆ ನಿಂತಿದೆ: ಪ್ರತಿ ಪ್ರಯತ್ನವೂ ಮುಂದಿನ ಪ್ರಯತ್ನದ ಸಂಭವವನ್ನು ಹೆಚ್ಚಿಸಬೇಕು. ಹಾರ್ನೆಟ್ ಅದೇ ಕೂಗಿಗೆ ಅದೇ ಪೆಟ್ಟನ್ನು ಹಾಕುತ್ತಾಳೆ. ಅವಳು ಕಠಿಣಳು, ಆದರೆ ಮೋಸಗಾತಿಯಲ್ಲ. ಚೌಕಾಬಾರದ ಕವಡೆಗಳಾದರೋ ಹಾಗಲ್ಲ. ನೂರು ಸಲ ಎಸೆದರೂ ನೂರಾ ಒಂದನೆಯ ಎಸೆತದ ಸಂಭವ ಮೊದಲಿನದೇ. ಕವಡೆಗೆ ನೆನಪಿಲ್ಲ, ಎಸೆಯುವವನಿಗೆ ಅದು ಏನನ್ನೂ ಕಲಿಸುವುದಿಲ್ಲ. ಅದೃಷ್ಟದ ಮೇಲೆ ಹಣವಿಟ್ಟು, “ಇಷ್ಟು ಸಲ ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು” ಎಂದು ಕಾಯುವವನ ತಾಳ್ಮೆ ಅವನ ಜೇಬನ್ನು ಬರಿದುಮಾಡುವ ತಾಳ್ಮೆ. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ್ದರ ಹಿಂದೆ ಇಂತಹ ಮನೆಗಳ ಸಂಕಟವಿದೆ. ಆದುದರಿಂದ ತಾಳ್ಮೆಯಿಂದ ಮುಂದುವರಿಯುವ ಮೊದಲು ವಿದ್ಯಾರ್ಥಿಯು ತನ್ನನ್ನೇ ಕೇಳಿಕೊಳ್ಳಬೇಕು: “ಈ ಸೋಲಿನಿಂದ ನಾನು ತಿಳಿದುಕೊಂಡದ್ದು ಏನು?” ಉತ್ತರ ಒಂದು ವಾಕ್ಯದಲ್ಲಿ ಬರದಿದ್ದರೆ ನಿಲ್ಲಿಸುವುದೇ ಲೇಸು.

ಮತ್ತೆ ಪ್ರಯೋಗಶಾಲೆಗೆ

ಅಂದು ಗಾಡಿ ಕಡೂರು ಮುಟ್ಟುವ ಮುನ್ನ ನಾವು ಹುಡುಗನನ್ನು ಕೇಳಿದೆವು: “ಏನಯ್ಯ, ಇಲ್ಲಿ ನಲವತ್ತಮೂರು ಸಲ ಸತ್ತಿದ್ದೀಯೆ. ಅಲ್ಲಿ ಮೂರನೆಯ ವಾಚನಕ್ಕೆ ಏಕೆ ನಿಲ್ಲಲಿಲ್ಲ?”

ಆತ ಸ್ವಲ್ಪ ಹೊತ್ತು ಹೊರಗೆ ನೋಡಿ ಹೇಳಿದ: “ಸಾರ್, ಇಲ್ಲಿ ಸತ್ತರೆ ಯಾರೂ ನೋಡುವುದಿಲ್ಲ, ಎದ್ದು ಮತ್ತೆ ಹೋಗುತ್ತೇನೆ. ಅಲ್ಲಿ ತಪ್ಪಿದರೆ ನೀವು ಬಂದು ಪಕ್ಕದಲ್ಲಿ ನಿಲ್ಲುತ್ತೀರಿ.”

ಈ ಮಾತು ನಮ್ಮನ್ನು ಚುಚ್ಚಿತು. ಕನಿಷ್ಠ ವಿಚಲನ ಕೋನವನ್ನು ಕಂಡುಹಿಡಿಯುವ ಪ್ರಯೋಗವನ್ನು ಮಾಡಿದವರೆಲ್ಲ ಬಲ್ಲರು: ಪ್ರಿಸಮ್ಮನ್ನು ಮೆಲ್ಲಗೆ ತಿರುಗಿಸುತ್ತ ಹೋದಂತೆ ಸೀಳುಗಂಡಿಯ ಹಳದಿ ಬಿಂಬ ಒಂದೇ ಕಡೆಗೆ ಸರಿಯುತ್ತದೆ; ಒಂದೆಡೆ ನಿಲ್ಲುತ್ತದೆ; ಆಮೇಲೆ ಹಿಂದಿರುಗುತ್ತದೆ. ಆ ನಿಲ್ಲುವ ನೆಲೆಯನ್ನು ಹಿಡಿಯಬೇಕು. ಮೊದಲ ಸಲಕ್ಕೆ ಅದನ್ನು ಹಿಡಿಯುವವರು ವಿರಳ. ಆದರೆ ನಾವು ಏನು ಮಾಡುತ್ತಿದ್ದೆವು? ತಪ್ಪು ವಾಚನಕ್ಕೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದೆವು, ಅಂಕ ಕಳೆಯುತ್ತಿದ್ದೆವು. ಸೋಲಿಗೆ ಇಷ್ಟು ಬೆಲೆಯಿಟ್ಟ ಮೇಲೆ ನಕಲು ಮಾಡುವುದೇ ಅಗ್ಗವೆಂದು ಹುಡುಗ ಲೆಕ್ಕಹಾಕಿದ್ದರಲ್ಲಿ ಆಶ್ಚರ್ಯವೇನು?

ಆ ವಾರದಿಂದ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಬದಲಾವಣೆ ಮಾಡಿದೆವು. ರೆಕಾರ್ಡ್ ಪುಸ್ತಕದಲ್ಲಿ ಎಡಗಡೆಯ ಪುಟ ಕೆಟ್ಟ ವಾಚನಗಳಿಗೆ ಮೀಸಲು. ಅಲ್ಲಿ ಎಷ್ಟು ತಪ್ಪಿದರೂ ಅಂಕ ಕಳೆಯುವುದಿಲ್ಲ. ಆದರೆ ಪ್ರತಿಯೊಂದರ ಎದುರಿಗೂ ಅದು ಕೆಟ್ಟದ್ದೇಕೆಂದು ಒಂದು ಸಾಲು ಬರೆಯಬೇಕು. ಮೊದಲ ಅರ್ಧ ಗಂಟೆ ನಾವು ಯಾರ ಪಕ್ಕದಲ್ಲಿಯೂ ಹೋಗಿ ನಿಲ್ಲುವುದಿಲ್ಲ. ಇದರಿಂದ ನಕಲು ಸಂಪೂರ್ಣವಾಗಿ ನಿಂತಿತೆಂದು ಹೇಳಿಕೊಳ್ಳಲಾರೆವು. ನಿಲ್ಲದೆ ಇರುವುದು ನಮ್ಮ ಕಷ್ಟವೂ ಹೌದು. ಹುಡುಗರು ತಡವರಿಸುವಾಗ ಕೈ ಹಾಕದೆ ದೂರ ಕೂರುವುದಕ್ಕೆ ಮೇಷ್ಟರಿಗೂ ತಾಳ್ಮೆ ಬೇಕು.

ಅಜ್ಜಂಪುರದ ಹುಡುಗನ ರೆಕಾರ್ಡ್ ಈಗ ನಮ್ಮ ಮೇಜಿನ ಮೇಲಿದೆ. ಎಡಪುಟದಲ್ಲಿ ಆರು ವಾಚನಗಳು, ಆರು ಕಾರಣಗಳು: “ಬಿಂಬ ಹಿಂದಿರುಗಿದ ಮೇಲೆ ಓದಿದೆ”, “ತಿರುಪು ಬಿಗಿಮಾಡುವಾಗ ದುರ್ಬೀನು ಅಲುಗಿತು”, “ಅವಸರ”. ಬಲಪುಟದಲ್ಲಿ ಏಳನೆಯದು, 38 ಡಿಗ್ರಿಗಳಿಗಿಂತ ತುಸು ಹೆಚ್ಚು. 60 ಡಿಗ್ರಿಯ ಗಾಜಿನ ಪ್ರಿಸಮ್ಮಿಗೆ ಒಪ್ಪುವ ಕೋನ. ಹಾರ್ನೆಟ್ಟಿನ ಕಥೆ ಏನಾಯಿತೆಂದು ಕೇಳಿದೆವು. ಐವತ್ತೆರಡನೆಯ ಸಲಕ್ಕೆ ಗೆದ್ದನಂತೆ. ಅದನ್ನು ಹೇಳುವಾಗಲೂ ಅವನ ಕೈ ನೋಟುಬುಕ್ಕಿನ ಹೊಸ ಪುಟವೊಂದರಲ್ಲಿ ಗೀಟು ಹಾಕುತ್ತಿತ್ತು. ಮುಂದಿನ ಬಾಗಿಲಲ್ಲಿ ಮತ್ತೊಬ್ಬ ಬಾಸ್ ಕಾದಿದ್ದ.